ಡಬ್ಲಿನ್‌ನಲ್ಲಿ ಮಗಳನ್ನು ಕ್ಯಾಥೊಲಿಕ್ ಶಾಲೆಗೆ ಹಾಕಬೇಕೋ, ಎಜುಕೇಟ್ ಟುಗೆದರ್‌ಗೋ?

ನೀವು ಹಿಂದೂಗಳು, ಮಗಳು ಬರುವ ಸೆಪ್ಟೆಂಬರ್‌ಗೆ ಜೂನಿಯರ್ ಇನ್‌ಫಂಟ್ಸ್, ಅಂದರೆ ಇಲ್ಲಿನ ಪ್ರೈಮರಿ ಶಾಲೆಯ ಮೊದಲ ವರ್ಷಕ್ಕೆ ಸೇರಬೇಕು. ಕ್ಯಾಥೊಲಿಕ್ ಶಾಲೆ ಮನೆ ಪಕ್ಕದಲ್ಲೇ ಇದೆ, ಎಜುಕೇಟ್ ಟುಗೆದರ್, ಅಂದರೆ ಯಾವ ಚರ್ಚಿನ ಆಡಳಿತಕ್ಕೂ ಸೇರದ ಶಾಲೆ, ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಯಾವುದು ಅಂತ ಕೇಳಿದ್ದೀರಿ. ನಾನು ಎರಡನ್ನೂ ನೋಡಿದ್ದೇನೆ. ನನ್ನ ಮಗಳು ಓದಿದ್ದು ಕ್ಯಾಥೊಲಿಕ್ ಶಾಲೆಯಲ್ಲಿ, ಮಗ ಓದುತ್ತಿರುವುದು ಎಜುಕೇಟ್ ಟುಗೆದರ್‌ನಲ್ಲಿ.

ಮಗಳನ್ನು ಸೇರಿಸುವಾಗ ನಾನು ಜಾಸ್ತಿ ಯೋಚನೆ ಮಾಡಲಿಲ್ಲ. ಹಾಸನದಲ್ಲಿ ನಾನೂ ಕಾನ್ವೆಂಟಿನಲ್ಲೇ ಓದಿದವಳು. ಬೆಳಿಗ್ಗೆ ಪ್ರಾರ್ಥನೆ ಹೇಳಿ, ಸಂಜೆ ಗಣಪತಿ ಗುಡಿಗೆ ಹೋಗುತ್ತಿದ್ದೆವು. ಆದರೆ ಅಲ್ಲಿ ಕ್ಯಾಥೊಲಿಕ್ ಮಕ್ಕಳು ಕ್ಯಾಟಕಿಸಂಗೆ, ಅಂದರೆ ಅವರ ಧರ್ಮದ ಪಾಠಕ್ಕೆ, ಬೇರೆ ಕೋಣೆಗೆ ಹೋಗುತ್ತಿದ್ದರು, ನಮಗೆ ಮಾರಲ್ ಸೈನ್ಸ್. ಇಲ್ಲಿ ಉಲ್ಟಾ. ಇಡೀ ಕ್ಲಾಸಿಗೆ ದಿನಾ ಅರ್ಧ ಗಂಟೆ ಧರ್ಮದ ಪಾಠ ಇರುತ್ತಿತ್ತು. ಬೇಡ ಅನ್ನುವ ಹಕ್ಕು ಐರ್ಲೆಂಡಿನ ಸಂವಿಧಾನದಲ್ಲೇ ಇದೆ, ನಾವೂ ಬರೆದುಕೊಟ್ಟೆವು. ಆಗ ಮಗಳು ಅದೇ ಕೋಣೆಯಲ್ಲಿ ಹಿಂದಿನ ಟೇಬಲ್ಲಿಗೆ ಹೋಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಾ ಕೂರುತ್ತಿದ್ದಳು. ಕಿವಿಗೆ ಪಾಠ ಬೀಳುತ್ತಲೇ ಇತ್ತು, ಯೇಸುವಿನ ಕಥೆ ನನಗೇ ಹೇಳುವಷ್ಟು!

ನಿಜವಾದ ಕಷ್ಟ ಬಂದದ್ದು ಸೆಕೆಂಡ್ ಕ್ಲಾಸಿನಲ್ಲಿ. ಆ ವರ್ಷ ಫಸ್ಟ್ ಕಮ್ಯುನಿಯನ್, ನಮ್ಮೂರ ಕ್ಯಾಥೊಲಿಕರ ಮೊದಲ ಪರಮಪ್ರಸಾದ, ಚರ್ಚಿನಲ್ಲಿ ಮಕ್ಕಳು ಮೊದಲ ಸಲ ಪ್ರಸಾದ ತೆಗೆದುಕೊಳ್ಳುವ ಸಮಾರಂಭ. ತಯಾರಿ ಎಲ್ಲ ಶಾಲೆಯಲ್ಲೇ. ತಿಂಗಳುಗಟ್ಟಲೆ ಹಾಡು, ಚರ್ಚಿಗೆ ಓಡಾಟ, ಯಾರ ಬಿಳಿ ಡ್ರೆಸ್ ಹೇಗಿದೆ, ಯಾರಿಗೆ ಉಡುಗೊರೆಯಾಗಿ ಎಷ್ಟು ದುಡ್ಡು ಸಿಗುತ್ತೆ, ಇದೇ ಮಾತು. 'ಅಮ್ಮಾ, ನನಗ್ಯಾವಾಗ ಬಿಳಿ ಫ್ರಾಕು?' ಅಂದಳು. ಉಗಾದಿಗೆ ಜರಿ ಲಂಗ ಹೊಲಿಸಿದೆ. ಅದು ಬಿಳಿ ಅಲ್ವಲ್ಲ, ಸುಮ್ನೆ ಹಾಕಿಕೊಂಡಳು ಅಷ್ಟೆ. ಟೀಚರ್ ಒಳ್ಳೆಯವರೇ, ಯಾರೂ ಅವಳನ್ನು ದೂರ ಇಟ್ಟಿರಲಿಲ್ಲ. ಗೆಳತಿಯರೆಲ್ಲ ಪಕ್ಕದ ಬೀದಿಯವರೇ, ಇವತ್ತಿಗೂ ಬಿಟ್ಟಿರುವುದಿಲ್ಲ. ಅದು ಮಗನಿಗೆ ಸಿಕ್ಕಿಲ್ಲ, ಅವನ ಸ್ನೇಹಿತರ ಮನೆಗೆಲ್ಲ ಕಾರಿನಲ್ಲೇ ಬಿಡಬೇಕು.

ಮಗನ ಶಾಲೆಯಲ್ಲಿ ಎಲ್ಲ ಧರ್ಮಗಳ ಬಗ್ಗೆ ಹೇಳುತ್ತಾರೆ, ಯಾವುದನ್ನೂ ನಂಬು ಅನ್ನುವುದಿಲ್ಲ. ಕಮ್ಯುನಿಯನ್ ಬೇಕಾದವರು ಶಾಲೆ ಮುಗಿದ ಮೇಲೆ ಬೇರೆ ಕಲಿಯುತ್ತಾರೆ. ಯೂನಿಫಾರ್ಮ್ ಇಲ್ಲ. ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ವಿಡಿಯೊ ಕಾಲ್‌ನಲ್ಲಿ ಇದು ಕೇಳಿದ ನಮ್ಮತ್ತೆ, 'ಅದೆಂಥ ಸ್ಕೂಲೇ ಅದು' ಅಂತ ಇನ್ನೂ ಗೊಣಗುತ್ತಾರೆ.

ಹೀಗಾಗಿ ನಾನಾಗಿದ್ದರೆ ಎಜುಕೇಟ್ ಟುಗೆದರ್. ಆದರೆ ಸೀಟು ಸಿಗಬೇಕಲ್ಲ. ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಕ್ಯಾಥೊಲಿಕ್ ಆಡಳಿತದವು, ಉಳಿದವಕ್ಕೆ ನೂಕುನುಗ್ಗಲು. ಎರಡಕ್ಕೂ ಅರ್ಜಿ ಹಾಕಿ, ಅಕ್ಟೋಬರ್‌ನಿಂದಲೇ ತಾರೀಖು ನೋಡುತ್ತಿರಿ. ಬ್ಯಾಪ್ಟಿಸಂ ಸರ್ಟಿಫಿಕೇಟ್ ಇಲ್ಲ ಅಂತ ಹೆದರಬೇಡಿ, 2018ರ ಕಾನೂನು ಬಂದ ಮೇಲೆ ಕ್ಯಾಥೊಲಿಕ್ ಪ್ರೈಮರಿ ಶಾಲೆಗಳು ಸೀಟು ಕೊಡುವಾಗ ಧರ್ಮ ನೋಡುವಂತಿಲ್ಲ. ನಿಮ್ಮ ಸುತ್ತ ಕಮ್ಯುನಿಟಿ ನ್ಯಾಷನಲ್ ಸ್ಕೂಲ್ ಇದೆಯಾ ಅಂತಲೂ ನೋಡಿ, ಅವೂ ಎಲ್ಲ ಧರ್ಮದವರಿಗೆ.

ಪಕ್ಕದ ಶಾಲೆಯೇ ಗಟ್ಟಿಯಾದರೆ ಓಪನ್ ಡೇ ದಿನ ಮೂರು ಮಾತು ಕೇಳಿ: ಧರ್ಮದ ಪಾಠದ ಹೊತ್ತಿಗೆ ನನ್ನ ಮಗಳು ಎಲ್ಲಿ ಕೂರುತ್ತಾಳೆ, ಏನು ಮಾಡುತ್ತಾಳೆ, ಅವಳ ಹಾಗೆ ಇನ್ನೆಷ್ಟು ಮಕ್ಕಳಿದ್ದಾರೆ. ನಮ್ಮ ಮಗಳ ಕ್ಲಾಸಿನಲ್ಲಿ ಇದ್ದದ್ದು ಇಬ್ಬರೇ. ಇನ್ನು ಆ ಇಪ್ಪತ್ತು ನಿಮಿಷದ ಬಸ್ಸನ್ನು ಸುಮ್ನೆ ನಂಬಬೇಡಿ. ಮಳೆ ಹುಯ್ಯುವ ಒಂದು ಸೋಮವಾರ ಬೆಳಿಗ್ಗೆ ಎಂಟಕ್ಕೆ ಸ್ಟಾಪಿನಲ್ಲಿ ನಿಂತು ನೋಡಿ.