ವಿಶ್ವ ಹಿಗ್ಗುವ ವೇಗಕ್ಕೆ ಎರಡು ಲೆಕ್ಕ ಯಾಕೆ? ಇದು ಬಗೆಹರಿಯುತ್ತಾ?

ಅರ್ಧ ಬಗೆಹರಿದಿದೆ ಅಂತ ನನ್ನ ಅಭಿಪ್ರಾಯ.

ಪ್ಲಾಂಕ್ ಉಪಗ್ರಹ ಅಳೆದದ್ದು ಬಿಗ್ ಬ್ಯಾಂಗ್ ಆಗಿ ಸುಮಾರು 3.8 ಲಕ್ಷ ವರ್ಷಕ್ಕೆ ಹೊರಟ ಬೆಳಕನ್ನು. ಅದರಿಂದ ಲೆಕ್ಕ ಹಾಕಿದರೆ ಇವತ್ತಿನ ವೇಗ 67.4. ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಜಾಸ್ತಿ. ಆಡಮ್ ರೀಸ್ ತಂಡ ಗೆಲಾಕ್ಸಿಗಳನ್ನೇ ನೋಡಿ 2022ರಲ್ಲಿ ಹೇಳಿದ್ದು 73. ತಪ್ಪಿನ ಅಂದಾಜು ಎರಡರಲ್ಲೂ ಚಿಕ್ಕದು, ಹಾಗಾಗಿ ಸುಮ್ನೆ ಆಕಸ್ಮಿಕ ಅನ್ನುವಂತಿಲ್ಲ.

ಮೊದಲ ಅನುಮಾನ ಬಿದ್ದದ್ದು ರೀಸ್ ತಂಡ ದೂರ ಅಳೆಯಲು ಬಳಸಿದ ಸೆಫೀಡ್ ನಕ್ಷತ್ರಗಳ ಮೇಲೆ. ಇವುಗಳ ಹೊಳಪು ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತದೆ ಎಂದು ನೋಡಿ ದೂರ ಹೇಳುತ್ತಾರೆ. ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಪಕ್ಕದ ನಕ್ಷತ್ರಗಳ ಬೆಳಕು ಸೇರಿಕೊಂಡಿರಬಹುದು ಅಲ್ವಾ? ಜೇಮ್ಸ್ ವೆಬ್ ದೂರದರ್ಶಕ ಅವನ್ನು ಬಿಡಿಬಿಡಿಯಾಗಿ ನೋಡಿತು. ದೂರ ಬದಲಾಗಲಿಲ್ಲ. ಆದರೆ ವೆಂಡಿ ಫ್ರೀಡ್‌ಮನ್ ತಂಡ ಕೆಂಪು ದೈತ್ಯ ನಕ್ಷತ್ರಗಳಿಂದ ಅಳೆದಾಗ 70ರ ಹತ್ತಿರ ಬಂತು.

ಪ್ಲಾಂಕ್ ಲೆಕ್ಕದ ಜೊತೆ ಇನ್ನೊಂದು ತಕರಾರು ದ್ರವ್ಯ ಎಷ್ಟು ಗುಂಪುಗಟ್ಟಿದೆ ಎಂಬುದು. ಬಗೆಹರಿದ ಅರ್ಧ ಅಂದದ್ದು ಇದನ್ನೇ. ದಾರಿಯಲ್ಲಿರುವ ದ್ರವ್ಯದ ಸೆಳೆತಕ್ಕೆ ದೂರದ ಗೆಲಾಕ್ಸಿಗಳ ಆಕಾರ ತುಸು ವಾರೆಯಾಗಿ ಕಾಣುತ್ತದೆ. ಅದನ್ನು ಅಳೆದ ಕಿಡ್ಸ್ ಎಂಬ ಆಕಾಶ ಸಮೀಕ್ಷೆಗೆ ಗುಂಪುಗಟ್ಟುವಿಕೆಯ ಅಳತೆ ಮೊದಲು 0.76 ಸಿಕ್ಕಿತ್ತು, ಪ್ಲಾಂಕ್ ಪ್ರಕಾರ 0.83. 2025ರಲ್ಲಿ ಹೆಚ್ಚು ಆಕಾಶ ಸೇರಿಸಿ, ಗೆಲಾಕ್ಸಿಗಳ ದೂರದ ಅಂದಾಜನ್ನು ಸರಿಪಡಿಸಿ ಮತ್ತೆ ಲೆಕ್ಕ ಹಾಕಿದರು. 0.81ರ ಮೇಲೆ ಬಂತು. ಹೊಸ ಭೌತಶಾಸ್ತ್ರವೇನೂ ಬೇಕಾಗಲಿಲ್ಲ.

ಅದಕ್ಕೇ ಹೊಸ ಸಿದ್ಧಾಂತಕ್ಕೆ ನನಗೆ ಅವಸರವಿಲ್ಲ. ವಿಶ್ವದ ಆರಂಭದಲ್ಲಿ ಸ್ವಲ್ಪ ಡಾರ್ಕ್ ಎನರ್ಜಿ (ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುವ ಶಕ್ತಿ) ಇತ್ತು ಅಂದುಕೊಂಡರೆ ವೇಗದ ಲೆಕ್ಕ ಮೇಲೇರುತ್ತದೆ, ಆದರೆ ದ್ರವ್ಯದ ಗುಂಪೂ ಜಾಸ್ತಿಯಾಗುತ್ತದೆ. ನನ್ನ ಭರವಸೆ ಗುರುತ್ವ ಅಲೆಗಳ ಮೇಲೆ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿ ಹೊಡೆದಾಗ ಹೊರಟ ಆ ಅಲೆಗಳಿಂದ ದೂರ ಅಳೆದು, ಯಾವ ಸೆಫೀಡ್ ನೆರವೂ ಇಲ್ಲದೆ 70 ಸಿಕ್ಕಿತು. ತಪ್ಪಿನ ಅಂದಾಜು ಮಾತ್ರ ದೊಡ್ಡದು. ಇಂಥ ಡಿಕ್ಕಿಗಳು ಇನ್ನೂ ಹತ್ತಾರು ಸಿಗಬೇಕು.