ಉಪ್ಪಿಟ್ಟಿನ ಸಿಟ್ಟು, ಟೋಪಿಯ ಮೇಲೆ

ಪ್ರಶ್ನೆ: ನನಗೆ 61, ನಮ್ಮವರಿಗೆ 66. ಅಮೆರಿಕದ ಮಿನೆಸೋಟಾದಲ್ಲಿ ಮೂವತ್ತು ವರ್ಷದಿಂದ ಇದ್ದೇವೆ. ರಿಟೈರ್ ಆದ ಮೇಲೆ ಅವರು ಹಳೆಯದೊಂದು ಆರ್‌ವಿ ಕೊಂಡರು. ಮನೆಯಂಥ ಬಸ್ಸು, ಹಿಂದೆ ನಮ್ಮ ಸಣ್ಣ ಕಾರನ್ನು ಕಟ್ಟಿಕೊಂಡು ಹೋಗುತ್ತೇವೆ. ಕಳೆದ ಬೇಸಿಗೆಯಲ್ಲಿ ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕಿನಲ್ಲಿದ್ದೆವು. ಒಂದು ದಿನ ನಾನು ಐದೂವರೆಗೆ ಎದ್ದು ಉಪ್ಪಿಟ್ಟು ಮಾಡಿ, ಚಿತ್ರಾನ್ನ ಕಟ್ಟಿಕೊಂಡೆ. ಆಮೇಲೆ ಇಡೀ ದಿನ ಬೆಟ್ಟದ ರಸ್ತೆಗಳಲ್ಲಿ ಕಾರು ಸುತ್ತಾಟ. ರಸ್ತೆಯಲ್ಲಿ ಕತ್ತೆಗಳು ಬಂದು ಕಿಟಕಿಗೆ ಮೂತಿ ಇಟ್ಟಾಗ ನಕ್ಕಿದ್ದೇ ನಕ್ಕಿದ್ದು. ಸಂಜೆ ಕೌಬಾಯ್ ಊಟ, ಹಾಡು. ನನಗೆ ಅಲ್ಲಿ ತಿನ್ನಲು ಸಿಕ್ಕಿದ್ದು ಜೋಳದ ಬ್ರೆಡ್ ಮಾತ್ರ. ಇವರು ಟೋಪಿ ಹಾಕಿಕೊಂಡು, ವೇದಿಕೆಗೆ ಕರೆದ ತಕ್ಷಣ ಓಡಿಹೋಗಿ ಹಾಡಿದರು, ‘ಯೀಹಾ’ ಅಂತ ಕೂಗಿದರು. ವಾಪಸ್ ಬಂದು ಕೂತಾಗ, ನಮ್ಮ ಜೊತೆಗಿದ್ದ ಇನ್ನೊಂದು ಕನ್ನಡದ ಜೋಡಿಯ ಎದುರಿಗೆ, ‘ಈ ವಯಸ್ಸಲ್ಲಿ ಕೋತಿ ಥರ ಕುಣೀಬೇಡಿ’ ಅಂದೆ. ಎಲ್ಲರೂ ನಕ್ಕರು. ಅಂದಿನಿಂದ ಆ ಟೋಪಿ ಮಂಚದ ಕೆಳಗಿದೆ. ಬರುವ ಬೇಸಿಗೆಯ 40 ದಿನಗಳ ಪ್ರವಾಸವನ್ನು ಬಿಟ್ಟುಬಿಡೋಣ ಎನ್ನುತ್ತಿದ್ದಾರೆ. ನನಗೂ ಬೇಕಿದ್ದದ್ದು ಅದೇ. ಆದರೂ ಸಮಾಧಾನ ಇಲ್ಲ. ಏನು ಮಾಡಲಿ?

ಉತ್ತರ: ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಿಮ್ಮ ವಿಷಯದಲ್ಲಿ ಕೊತ್ತಿಯ ಜಾಗದಲ್ಲಿ ಟೋಪಿ ಇದೆ. ಸಿಟ್ಟು ಬಂದದ್ದು ಬೆಳಗಿನ ಐದೂವರೆಗೆ, ಉಪ್ಪಿಟ್ಟು ತಿರುವುವಾಗ. ಅದು ಹೊರಗೆ ಬಿದ್ದದ್ದು ರಾತ್ರಿ, ಎಲ್ಲರ ಎದುರಿಗೆ.

ಮೊದಲು ನಿಮ್ಮ ಪರವಾಗಿ ಮಾತಾಡುತ್ತೇನೆ. ನೀವು ಸುತ್ತಿದ ರಸ್ತೆಗಳು ಸಾಮಾನ್ಯದವಲ್ಲ. ಐರನ್ ಮೌಂಟನ್ ರೋಡ್ 17 ಮೈಲಿ ಉದ್ದ, ಅದರಲ್ಲಿ 314 ತಿರುವು. ಸುರುಳಿ ಸುತ್ತಿ ಇಳಿಯುವ ಮರದ ಸೇತುವೆಗಳು ಬೇರೆ. ನೀಡಲ್ಸ್ ಹೈವೇ ಇನ್ನೊಂದು 14 ಮೈಲಿ. ಕತ್ತೆಗಳು, ಬೈಸನ್ ಹಿಂಡುಗಳು ಇರುವ ವೈಲ್ಡ್‌ಲೈಫ್ ಲೂಪ್ ಎಂಬ ರಸ್ತೆ 18 ಮೈಲಿ. ಎಲ್ಲವೂ ಒಂದೇ ದಿನಕ್ಕೆ! ಸೊಂಟ ಹಿಡಿಯದೆ ಇನ್ನೇನಾದೀತು? ನೀಡಲ್ಸ್ ರಸ್ತೆ 1922ರಲ್ಲಿ ಮುಗಿಯಿತು. ಅದರ ದಾರಿಯನ್ನು ಗುರುತು ಮಾಡಿದ ಪೀಟರ್ ನಾರ್ಬೆಕ್ ಎಂಬ ರಾಜಕಾರಣಿ ಕಾಲ್ನಡಿಗೆಯಲ್ಲಿ, ಕುದುರೆ ಮೇಲೆ ಆ ಬೆಟ್ಟ ಅಲೆದಿದ್ದರು. ನಿಧಾನವಾಗಿ ನೋಡಲಿ ಅಂತಲೇ ಮಾಡಿದ ರಸ್ತೆಗಳಿವು. ನಿಮ್ಮ ಯಜಮಾನರು ಪರೀಕ್ಷೆಗೆ ಸಿಲಬಸ್ ಮುಗಿಸಿದ ಹಾಗೆ ಮುಗಿಸಿದ್ದಾರೆ.

ನೀಡಲ್ಸ್ ದಾರಿಯಲ್ಲಿ ನೀಡಲ್ಸ್ ಐ ಎಂಬ ಸುರಂಗ ಸಿಕ್ಕಿರಬೇಕಲ್ಲ. ಬರೀ 8 ಅಡಿ ಅಗಲ. ಆರ್‌ವಿಗಳು ಎಂಟೂವರೆ ಅಡಿವರೆಗೂ ಇರುತ್ತವೆ, ತೂರುವುದಿಲ್ಲ. ಅದಕ್ಕೇ ಅದನ್ನು ಕ್ಯಾಂಪಿನಲ್ಲೇ ನಿಲ್ಲಿಸಿ ಕಾರಲ್ಲಿ ಹೋದಿರಿ. ಮನೆ ಅಲ್ಲೇ ಉಳಿಯಿತು, ಅಡುಗೆಮನೆ ಮಾತ್ರ ಡಬ್ಬಿಯೊಳಗೆ ಕೂತು ನಿಮ್ಮ ತೊಡೆಯ ಮೇಲೆ ಬಂತು.

ಹಾಗೆ ನೋಡಿದರೆ ನಿಮ್ಮವರಿಗೆ ಕೌಬಾಯ್‌ಗಳ ಟೋಪಿ ಗೊತ್ತಿದೆ, ಊಟದ ಕಟ್ಟಳೆ ಗೊತ್ತಿಲ್ಲ. ನೀವು ಹೋಗಿದ್ದ ಊಟವನ್ನು ಚಕ್‌ವ್ಯಾಗನ್ ಊಟ ಎನ್ನುತ್ತಾರೆ. 1866ರಲ್ಲಿ ಟೆಕ್ಸಸ್‌ನ ಚಾರ್ಲ್ಸ್ ಗುಡ್‌ನೈಟ್ ಎಂಬ ದನದ ಯಜಮಾನ ಸೈನ್ಯದ ಹಳೆಯ ಗಾಡಿಯ ಹಿಂಭಾಗಕ್ಕೆ ಡಬ್ಬಿ, ಖಾನೆಗಳ ಪೆಟ್ಟಿಗೆ ಕೂರಿಸಿ ಅಡುಗೆಯ ಗಾಡಿ ಮಾಡಿಸಿದ. ಪೆಟ್ಟಿಗೆಯ ಮುಚ್ಚಳ ಬಿಚ್ಚಿದರೆ ಅದೇ ಅಡುಗೆ ಕಟ್ಟೆ. ನಿಮ್ಮ ಆರ್‌ವಿಯ ಮುತ್ತಜ್ಜ ಅನ್ನಿ. ಆ ಗಾಡಿಯ ಸುತ್ತ ಅಡುಗೆಯವನದೇ ದರ್ಬಾರು. ಸಾಮಾನ್ಯ ಕೌಬಾಯ್‌ಗಿಂತ ಅವನಿಗೆ ಸಂಬಳ ಜಾಸ್ತಿ. ಒಲೆಯ ಮೇಲೆ ಧೂಳು ಹಾರುವ ಹಾಗೆ ಯಾರೂ ಕುದುರೆ ಓಡಿಸುವಂತಿಲ್ಲ. ಉಂಡ ತಟ್ಟೆಯನ್ನು ಅವರವರೇ ತಂದು ತೊಳೆಯುವ ಬೋಗುಣಿಗೆ ಹಾಕಬೇಕು. ಕಾಫಿ ಬಗ್ಗಿಸಿಕೊಳ್ಳಲು ಎದ್ದವನನ್ನು ಯಾರಾದರೂ ನೋಡಿ ಕೂಗಿದರೆ ಮುಗಿಯಿತು, ಅವನೇ ಎಲ್ಲರ ಲೋಟಕ್ಕೂ ಕಾಫಿ ಹಾಕಬೇಕು. ಇದನ್ನು ನಿಮ್ಮವರಿಗೆ ಓದಿ ಹೇಳಿ. ಕೌಬಾಯ್ ಆಗುವುದಾದರೆ ಪೂರ್ತಿ ಆಗಲಿ.

ಈಗ ಅವರ ಪರವಾಗಿ. ಮೂವತ್ತು ವರ್ಷ ಪರದೇಶದಲ್ಲಿ ಕೆಲಸ ಮಾಡಿದ ಮನುಷ್ಯ. ಆಫೀಸಿನಲ್ಲಿ ನಗಬೇಕೋ ಬೇಡವೋ ಅಂತ ಲೆಕ್ಕ ಹಾಕಿ ನಕ್ಕಿರುತ್ತಾರೆ. ಅಂಥವರು ಯಾರ ಹಂಗೂ ಇಲ್ಲದೆ ‘ಯೀಹಾ’ ಅಂದರು. ಅದೇನು ಬಾಲಿಶವೂ ಅಲ್ಲ. ಕೌಬಾಯ್‌ಗಳು ರಾತ್ರಿ ಪಾಳಿಯಲ್ಲಿ ಹಿಂಡಿನ ಸುತ್ತ ಕುದುರೆ ಮೇಲೆ ತಿರುಗುತ್ತಾ ಮೆಲ್ಲಗೆ ಹಾಡುತ್ತಿದ್ದರು. ಕತ್ತಲಲ್ಲಿ ಕಡ್ಡಿ ಮುರಿದ ಸದ್ದಿಗೂ ದನಗಳು ಬೆದರಿ ದಿಕ್ಕಾಪಾಲಾಗಿ ಓಡುತ್ತಿದ್ದವು. ಪರಿಚಯದ ದನಿ ಕೇಳುತ್ತಿದ್ದರೆ ಸುಮ್ಮನೆ ಮಲಗಿರುತ್ತಿದ್ದವು. ನಿಮ್ಮವರ ದನಿ ಎಷ್ಟು ಇಂಪಾಗಿತ್ತೋ ನನಗೆ ಗೊತ್ತಿಲ್ಲ, ಅದು ಬೇರೆ ಮಾತು.

ಪ್ರವಾಸ ಬಿಡೋಣ ಎಂದು ಅವರು ಹೇಳಿದ್ದು ನಿಮಗೆ ಸಿಕ್ಕ ಗೆಲುವಲ್ಲ, ಮುನಿಸು. ನಿಮಗೂ ಅದು ಗೊತ್ತಾಗಿದೆ, ಅದಕ್ಕೇ ಸಮಾಧಾನ ಇಲ್ಲ. ಸದ್ಯಕ್ಕೆ ಅದನ್ನು ಒಪ್ಪಬೇಡಿ. ಟೋಪಿ ಹೊರಗೆ ತೆಗೆದು ಧೂಳು ಕೊಡವಿ, ಅವರ ಕೈಗೆ ಕೊಟ್ಟು, ‘ಆವತ್ತು ಎಲ್ಲರ ಮುಂದೆ ಹಾಗೆ ಅನ್ನಬಾರದಿತ್ತು ರೀ’ ಅನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀವೂ ಅಷ್ಟೇ’ ಅಂತ ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಉಪ್ಪಿಟ್ಟಿನ ಲೆಕ್ಕ ಇನ್ನೊಂದು ದಿನ. ಎರಡನ್ನೂ ಒಂದೇ ಸಲ ಹೇಳಿದರೆ ಕ್ಷಮೆ ಕೇಳಿದ್ದು ಅವರ ಕಿವಿಗೇ ಬೀಳುವುದಿಲ್ಲ.

ಆ ಇನ್ನೊಂದು ದಿನ ಖಡಾಖಂಡಿತವಾಗಿ ಮಾತಾಡಿ. ನಲವತ್ತು ದಿನ ಬೇಡ, ಹನ್ನೆರಡು ಸಾಕು. ದಿನಕ್ಕೆ ಒಂದೇ ರಸ್ತೆ, ಮಧ್ಯಾಹ್ನದ ಮೇಲೆ ಕ್ಯಾಂಪಿನಲ್ಲಿ ಕಾಲು ಚಾಚಿ ಕೂರುವುದು. ಬೆಳಗಿನ ತಿಂಡಿ ದಿನ ಬಿಟ್ಟು ದಿನ ಅವರದು. ಅವಲಕ್ಕಿ ಕಲಸಲು ಯಾವ ವಿದ್ಯೆಯೂ ಬೇಕಿಲ್ಲ. ಹಾಂ, ಆರ್‌ವಿಯ ಕೊಳಚೆ ಟ್ಯಾಂಕ್ ಖಾಲಿ ಮಾಡುವವರು ಯಾರು ಅಂತ ನೀವು ಬರೆದಿಲ್ಲ. ಅವರೇ ಆಗಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಅದು ಸಣ್ಣ ಕೆಲಸವಲ್ಲ. ಕೌಬಾಯ್ ಊಟಕ್ಕೆ ಮೊದಲೇ ಫೋನ್ ಮಾಡಿ ಸಸ್ಯಾಹಾರ ಇದೆಯಾ ಅಂತ ವಿಚಾರಿಸುವುದು ಅವರ ಜವಾಬ್ದಾರಿ. ಬೀನ್ಸ್‌ಗೂ ಹಂದಿಮಾಂಸ ಹಾಕುವುದುಂಟು, ಅದನ್ನೂ ಕೇಳಲಿ. ನಿಮಗೆ ಮನಸ್ಸಿಲ್ಲದ ಸಂಜೆ ಅವರೊಬ್ಬರೇ ಹೋಗಿ ಬರಲಿ. ನೀವು ಚಹಾ ಮಾಡಿಕೊಂಡು ಮಗಳ ಜೊತೆ ಫೋನಲ್ಲಿ ಹರಟಿ. ಕತ್ತೆಗಳ ಮುಂದೆ ಇಬ್ಬರೂ ಒಟ್ಟಿಗೆ ನಕ್ಕಿದ್ದೀರಲ್ಲ, ಸಾಕು.

ಇನ್ನೊಂದು ಕೆಲಸ ಬಾಕಿ ಇದೆ. ಆ ಕನ್ನಡದ ಜೋಡಿಗೆ ಒಮ್ಮೆ ಫೋನ್ ಮಾಡಿ. ಅದೂ ಇದೂ ಮಾತಾಡುತ್ತಾ, ‘ಆವತ್ತು ನಮ್ಮವರು ಚೆನ್ನಾಗಿ ಹಾಡಿದರು, ಅಲ್ವಾ?’ ಅನ್ನಿ. ನಿಮ್ಮವರು ಪಕ್ಕದಲ್ಲೇ ಕೂತಿರುವಾಗ ಮಾಡಿ, ಸ್ಪೀಕರ್ ಹಾಕಿ.