‘ಇಂಚರ’ದಲ್ಲಿ ನಿಶಾಚರ ಇಲ್ಲ, ಅತ್ತೆಯವರಿಗೆ ಹೇಳಿ

ಮಗುವಿಗೆ ಏನು ಹೆಸರಿಡಲಿ ಅಂತ ನನ್ನನ್ನು ಕೇಳಬೇಡಿ ಎಂದು ಹೋದ ಸಲವೇ ಬರೆದಿದ್ದೆ. ಕೇಳಲಿಲ್ಲ, ಸರಿ. ಅದರ ಬದಲು ‘ಈ ಹೆಸರಿನ ಅರ್ಥ ಏನು, ಎಷ್ಟು ಜನ ಇಟ್ಟಿದ್ದಾರೆ’ ಅಂತ ಕೇಳಲು ಶುರು ಮಾಡಿದ್ದೀರಿ. ಈ ಸಲದ ಪತ್ರಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದಿದೆ. ಅದಕ್ಕೆ ಒಮ್ಮೆ ಪೂರ್ತಿ ಉತ್ತರ ಬರೆದು ಮುಗಿಸುತ್ತೇನೆ.

ಪ್ರಶ್ನೆ: ನಮಗೆ ಹೆಣ್ಣು ಮಗು. ಕೃತ್ತಿಕಾ ನಕ್ಷತ್ರ, ಎರಡನೇ ಪಾದ, ‘ಇ’ ಅಕ್ಷರ ಬಂದಿದೆ. ‘ಇಂಚರ’ ಅಂತ ಇಡಬೇಕು ಅಂತಿದ್ದೇವೆ. ಮೊಬೈಲಲ್ಲಿ ನೋಡಿದರೆ ಸಂಸ್ಕೃತ ಹೆಸರು, ‘ಒಳಗೆ ಸಂಚರಿಸುವವಳು’ ಅಂತ ಅರ್ಥ ಕೊಟ್ಟಿದ್ದಾರೆ. ನಮ್ಮ ಅತ್ತೆ, ‘ಚರ ಅಂದ್ರೆ ನಿಶಾಚರ ನೆನಪಾಗುತ್ತೆ, ಬೇಡ’ ಅಂತಾರೆ. ಸರಿಯಾದ ಅರ್ಥ ಏನು? ಹೆಸರು ನಿಜವಾಗ್ಲೂ ಅಪರೂಪವಾ? (ತುಮಕೂರಿನ ಓದುಗರು)

ನಿಮ್ಮ ಅತ್ತೆಯವರ ಮೇಲೆ ನನಗೆ ಸಿಟ್ಟಿಲ್ಲ. ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಹೇಳಿದ್ದಾರೆ. ಸಿಟ್ಟು ಬರುವುದು ‘ಒಳಗೆ ಸಂಚರಿಸುವವಳು’ ಅಂತ ಬರೆದ ಪುಣ್ಯಾತ್ಮರ ಮೇಲೆ. ಇಂಗ್ಲಿಷಿನ ‘ಇನ್’ ತಂದು ಸಂಸ್ಕೃತದ ‘ಚರ’ದ ಕೊರಳಿಗೆ ಕಟ್ಟಿದ್ದಾರೆ. ಆಮೇಲೆ ಆ ಜೋಡಿಯನ್ನು ಸಂಸ್ಕೃತ ಅಂತ ಕರೆದಿದ್ದಾರೆ. ಮಗುವಿನ ಹೆಸರಿನ ಪುಟಗಳಲ್ಲಿ ಇದು ದಿನನಿತ್ಯದ ಕಥೆ. ಒಬ್ಬರು ತಪ್ಪು ಬರೆಯುತ್ತಾರೆ, ಹತ್ತು ಮಂದಿ ಹಾಗೇ ಇಳಿಸಿಕೊಳ್ಳುತ್ತಾರೆ. ಹತ್ತು ಕಡೆ ಒಂದೇ ಥರ ಇದೆಯಲ್ಲಾ ಅಂತ ನೀವು ನಂಬುತ್ತೀರಿ.

‘ಇಂಚರ’ದಲ್ಲಿ ‘ಚರ’ ಅನ್ನುವ ಪದವೇ ಇಲ್ಲ. ಅಲ್ಲಿರುವುದು ‘ಸರ’. ಇನ್ + ಸರ. ‘ಇನ್’ ಅಂದರೆ ಇನಿದು, ಸಿಹಿಯಾದದ್ದು. ‘ಸರ’ ಅಂದರೆ ಸ್ವರ, ದನಿ. ಎರಡೂ ಸೇರಿ ಇಂಪಾದ ದನಿ. ಅಷ್ಟೇ ಅರ್ಥ. ದೇವಿಯ ಹೆಸರಲ್ಲ, ನದಿಯ ಹೆಸರಲ್ಲ, ಅಪ್ಸರೆಯೂ ಅಲ್ಲ.

‘ಸ’ ಹೋಗಿ ‘ಚ’ ಹೇಗೆ ಬಂತು ಅಂತ ಮುಂದಿನ ಪತ್ರ ಬರುತ್ತದೆ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಕಣ್ + ಪನಿ ಕಂಬನಿ ಆಗುತ್ತದೆ, ‘ಪ’ ಹೋಗಿ ‘ಬ’ ಬರುತ್ತದೆ. ಮುನ್ + ಕಾರು ಮುಂಗಾರು ಆಗುತ್ತದೆ. ಇದಕ್ಕೆಲ್ಲ ನೀವು ಯಾವತ್ತಾದರೂ ಗಾಬರಿಯಾಗಿದ್ದೀರಾ? ‘ಸ’ಕಾರಕ್ಕೂ ಹಳಗನ್ನಡದಲ್ಲಿ ಇಂಥದ್ದೇ ಆದೇಶ ಸಂಧಿ ಇದೆ. ಮುನ್ + ಸೆರಗು ಮುಂಜೆರಗು ಆಯಿತು. ಇನ್ + ಸರ ಇಂಚರ ಆಯಿತು. ಬಾಯಲ್ಲಿ ‘ಇನ್‌ಸರ, ಇನ್‌ಸರ’ ಅಂತ ಬೇಗ ಬೇಗ ಹತ್ತು ಸಲ ಹೇಳಿ ನೋಡಿ. ನಾಲಿಗೆ ‘ನ’ದಿಂದ ‘ಸ’ಕ್ಕೆ ಜಾರುವಾಗ ನಡುವೆ ಒಂದು ಸಣ್ಣ ತಡೆ ಸಿಗುತ್ತದೆ. ಆ ತಡೆ ಗಟ್ಟಿಯಾದರೆ ‘ಚ’ ಆಗುತ್ತದೆ. ಅತ್ತೆಯವರಿಗೂ ಹೇಳಿಸಿ ನೋಡಿ, ವ್ಯಾಕರಣದ ಪುಸ್ತಕಕ್ಕಿಂತ ಬೇಗ ಒಪ್ಪುತ್ತಾರೆ.

‘ಇನ್’ ಎಂಬುದರ ನೆಂಟರು ನಮ್ಮ ಭಾಷೆಯ ತುಂಬ ಇದ್ದಾರೆ. ಇಂಪು, ಇನಿದನಿ, ಇನಿಯ. ಹಳೆಯ ಕವಿಗಳು ಹಾಲ್ಗಡಲನ್ನು ಇಂಗಡಲು ಅಂತ ಕರೆದದ್ದೂ ಇದರಿಂದಲೇ. ತಮಿಳಿನಲ್ಲಿ ಒಳ್ಳೆಯ ಮಾತಿಗೆ ‘ಇನ್‌ಸೊಲ್’ ಅಂತಾರೆ. ಅಂದರೆ ಈ ತುಂಡು ದ್ರಾವಿಡದ್ದು, ಹಳೆಯದು. ಆದರೆ ಅಚ್ಚಗನ್ನಡದವರೂ ಪೂರ್ತಿ ಹಿಗ್ಗಬೇಕಾಗಿಲ್ಲ. ಆಚೆಯ ತುಂಡು ‘ಸರ’ ಇದೆಯಲ್ಲ, ಅದು ಸಂಸ್ಕೃತದ ‘ಸ್ವರ’ ಕನ್ನಡಕ್ಕೆ ಬಂದು ಸವೆದು ಆದ ತದ್ಭವ. ಒಬ್ಬ ಮೇಷ್ಟ್ರು, ‘ಹಾಗಾದರೆ ಇದು ಅರಿಸಮಾಸ ಅಲ್ವಾ?’ ಅಂತ ಸವಾಲು ಹಾಕಿ ಬರೆದಿದ್ದಾರೆ. ಅಲ್ಲ ಮೇಷ್ಟ್ರೇ. ಸಂಸ್ಕೃತ ಪದ ರೂಪ ಬದಲಾಗದೆ ಹಾಗೇ ಬಂದು ಕನ್ನಡ ಪದದ ಜೊತೆ ಸೇರಿದರೆ ಅರಿಸಮಾಸ. ಕನ್ನಡ ಪದದ ಜೊತೆ ತದ್ಭವ ಸೇರಿದರೆ ಅದು ಅರಿಸಮಾಸ ಅಲ್ಲ. ಇದನ್ನು ನೀವೇ ಮಕ್ಕಳಿಗೆ ಕಲಿಸುತ್ತೀರಿ.

ಇನ್ನು ‘ಹಕ್ಕಿಗಳ ಕೂಗು’ ಅಂತ ಅರ್ಥ ಕೊಡುವವರು. ಶಾಲೆಯ ಪ್ರಬಂಧಗಳಲ್ಲಿ ಬೆಳಗಾದರೆ ಸಾಕು ಹಕ್ಕಿಗಳ ಇಂಚರ ಕೇಳಿಬರುತ್ತದೆ, ವಸಂತ ಬಂದರೆ ಕೋಗಿಲೆಯ ಇಂಚರ. ಅದನ್ನು ಓದಿ ಓದಿ ಹೀಗಾಗಿದೆ. ತಪ್ಪು ಅನ್ನಲಾರೆ, ಪೂರ್ತಿ ಸರಿಯೂ ಅಲ್ಲ. ಮನುಷ್ಯರ ದನಿಗೂ ವೀಣೆಯ ದನಿಗೂ ಈ ಪದ ಸಲ್ಲುತ್ತದೆ. ನಿಮ್ಮ ಮಗಳು ಕಾಗೆಯ ಹಾಗೆ ಕೂಗಿದರೂ ಹೆಸರು ಬದಲಾಯಿಸಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನ್ನದು ಹಟ. ‘ಇಂಚರಾ’ ಅಂತ ದೀರ್ಘ ಎಳೆಯಬೇಡಿ. ಈಗ ಎಲ್ಲ ಹೆಣ್ಣುಮಕ್ಕಳ ಹೆಸರಿಗೂ ಕೊನೆಗೊಂದು ‘ಆ’ ಎಳೆಯುವ ಚಟ ಹತ್ತಿದೆ. ಸಂಸ್ಕೃತದ ಹೆಸರಲ್ಲಿ ಆ ದೀರ್ಘಕ್ಕೆ ಕೆಲಸ ಇದೆ. ಹಾಗಿದ್ದೂ ಕನ್ನಡಕ್ಕೆ ಬಂದಾಗ ನಾವು ಗಂಗಾಳನ್ನು ಗಂಗೆ ಮಾಡಿದೆವು, ಸೀತಾಳನ್ನು ಸೀತೆ ಮಾಡಿದೆವು. ಇಷ್ಟು ಕಷ್ಟಪಟ್ಟು ಇಳಿಸಿದ ದೀರ್ಘವನ್ನು ತಂದು ಕನ್ನಡದ ಪದಕ್ಕೇ ಅಂಟಿಸಿದರೆ ಹೇಗೆ? ಇಂಚರ ಅಂದರೆ ಸಾಕು, ಹೆಣ್ಣುಮಗು ಅಂತ ಗೊತ್ತಾಗುತ್ತದೆ.

ಅಪರೂಪವಾ ಅಂತ ಕೇಳಿದ್ದೀರಿ. ಯಾರಿಗೆ ಗೊತ್ತು! ಹೀಗಂದರೆ ಉಡಾಫೆ ಅನ್ನಿಸಬಹುದು, ಆದರೆ ಕಾರಣ ಇದೆ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚೆಗಿನ ಹೆಸರುಗಳ ಲೆಕ್ಕವನ್ನು ವರ್ಷವಾರು ಕೊಡುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೂ ಸರ್ಕಾರದ ಅಂಕಿಅಂಶ ಕಚೇರಿ ಇಂಥ ಪಟ್ಟಿ ಹೊರಡಿಸುತ್ತದೆ. ನಮ್ಮಲ್ಲಿ ಜನನ ನೋಂದಣಿ ಆಗುತ್ತದೆ, ಆದರೆ ಯಾವ ಹೆಸರು ಎಷ್ಟು ಮಕ್ಕಳಿಗೆ ಅಂತ ಸರ್ಕಾರ ವರ್ಷವರ್ಷ ಪಟ್ಟಿ ಮಾಡಿ ಕೊಡುವುದಿಲ್ಲ. ಹಾಗಿರುವಾಗ ‘ಭಾರತದಲ್ಲಿ ಈ ಹೆಸರಿಗೆ ಇಷ್ಟನೇ ಸ್ಥಾನ’ ಅಂತ ಮೊಬೈಲಿನಲ್ಲಿ ಕಾಣುತ್ತದಲ್ಲ, ಅದು ಎಲ್ಲಿಂದ ಬಂತು? ಎಷ್ಟು ಜನ ಆ ಪುಟ ತೆರೆದರು ಅನ್ನುವ ಲೆಕ್ಕ ಇರಬಹುದು, ಇಲ್ಲವೇ ಸುಮ್ನೆ ಬರೆದದ್ದು. ನೀವು ರಾತ್ರಿ ಹನ್ನೊಂದಕ್ಕೆ ಮೂರು ಸಲ ಹುಡುಕಿದ್ದೂ ಅದರಲ್ಲಿ ಸೇರಿರಬಹುದು.

ನನ್ನ ಕಣ್ಣಿಗೆ ಕಂಡದ್ದನ್ನು ಹೇಳುತ್ತೇನೆ. ನಮ್ಮಜ್ಜಿಯ ಕಾಲದಲ್ಲಿ ಪುಟ್ಟಮ್ಮ, ಹೊನ್ನಮ್ಮ, ಮಲ್ಲವ್ವ. ಅಮ್ಮನ ಕಾಲದಲ್ಲಿ ಸರೋಜ, ವಿಮಲ. ನಾನು ಪಾಠ ಹೇಳುವಾಗ ಪ್ರತಿ ಬೆಂಚಿಗೂ ಒಬ್ಬಳು ದಿವ್ಯ, ಒಬ್ಬಳು ಕಾವ್ಯ. ಇಂಚರ ಅಂತ ಮನೆಯ ಗೇಟಿನ ಮೇಲೆ, ಸಂಗೀತ ಶಾಲೆಯ ಬೋರ್ಡಿನ ಮೇಲೆ ಮೊದಲು ಓದಿದೆ. ಹಾಜರಿ ಪುಸ್ತಕದಲ್ಲಿ ಬಂದದ್ದು ಆಮೇಲೆ. ಈಗ ಬೆಂಗಳೂರು, ಮೈಸೂರು ಕಡೆ ಆಗೊಮ್ಮೆ ಈಗೊಮ್ಮೆ ಕಿವಿಗೆ ಬೀಳುತ್ತದೆ. ಕರ್ನಾಟಕ ದಾಟಿದರೆ ಅಪರೂಪವೇ. ನಮ್ಮ ನೆಂಟರ ಹುಡುಗಿಯೊಬ್ಬಳು ದೆಹಲಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಎಲ್ಲರೂ ಅವಳನ್ನು ‘ಇಂಚಾರಾ’ ಅಂದರಂತೆ, ಒಬ್ಬರಂತೂ ‘ಇನ್‌ಚಾರ್ಜ್’ ಅಂದುಬಿಟ್ಟರಂತೆ. ಅವಳಿಗೆ ಅದೇ ಖುಷಿ.

ಕೊನೆಯದಾಗಿ, ಹೆಸರಿಗಿಂತ ಮುಖ್ಯವಾದ ಮಾತು. ಹೆಸರು ಗಟ್ಟಿಯಾಗದಿದ್ದರೆ ಆತುರ ಬೇಡ. ಜನನವನ್ನು 21 ದಿನದೊಳಗೆ ತಿಳಿಸಬೇಕು, ಆದರೆ ಹೆಸರನ್ನು ಆಮೇಲೆ ಸೇರಿಸಬಹುದು. ನೋಂದಣಿಯಾಗಿ 12 ತಿಂಗಳವರೆಗೆ ಶುಲ್ಕ ಇಲ್ಲ, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಸೇರಿಸಲು ಅವಕಾಶ ಇದೆ. ಆದರೆ 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಡಿಎಲ್, ಮತದಾರರ ಪಟ್ಟಿ ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಈ ಜನನ ಪ್ರಮಾಣಪತ್ರವೇ. ಅದಕ್ಕೇ ಒಂದೊಂದು ಅಕ್ಷರವನ್ನೂ ನೋಡಿ. ನನ್ನ ತಂಗಿಯ ಮೊಮ್ಮಗಳ ಪ್ರಮಾಣಪತ್ರದಲ್ಲಿ ಇಂಗ್ಲಿಷ್ ಸರಿ ಇತ್ತು. ಕನ್ನಡದಲ್ಲಿ ‘ಇಂಚಾರ’ ಆಗಿತ್ತು. ಅನಾಚಾರ, ಅತ್ಯಾಚಾರದ ಸಾಲಿಗೆ ಹೋಗಿ ನಿಂತಿತ್ತು ಪಾಪ ಆ ಹೆಸರು. ಒಂದು ‘ಾ’ ತೆಗೆಸಲು ನಮ್ಮ ಭಾವ ಎಷ್ಟು ಸಲ ಆ ಕಚೇರಿಯ ಮೆಟ್ಟಿಲು ಹತ್ತಿದರು ಅಂತ ಕೇಳಬೇಡಿ. ಎಲ್ಲರೂ ಇಂಗ್ಲಿಷಿನ ಸಾಲನ್ನು ಮಾತ್ರ ನೋಡುತ್ತಾರೆ. ನೀವು ಕನ್ನಡದ ಸಾಲನ್ನು ಜೋರಾಗಿ ಓದಿ, ಆಮೇಲೆ ಸಹಿ ಹಾಕಿ.

ಪ್ರಶ್ನೆ: ಆರ್ದ್ರಾ ನಕ್ಷತ್ರ ಮೂರನೇ ಪಾದ, ‘ಙ’ ಅಕ್ಷರ ಬಂದಿದೆ. ಒಳ್ಳೆಯ ಹೆಣ್ಣು ಹೆಸರು ತಿಳಿಸಿ.

‘ಙ’ದಿಂದ ಶುರುವಾಗುವ ಒಂದು ಕನ್ನಡ ಪದ ನೀವು ಹೇಳಿ, ನಾನು ಹೆಸರು ಹೇಳುತ್ತೇನೆ. ಜೋಯಿಸರೇ ಇಂಥ ಕಡೆ ಬೇರೆ ಅಕ್ಷರಕ್ಕೆ ಹೋಗುತ್ತಾರೆ, ನೀವೂ ಹೋಗಿ.

ಪ್ರಶ್ನೆ: ಸಂಖ್ಯಾಶಾಸ್ತ್ರದವರು ಐದು ಸಾವಿರ ತಗೊಂಡು, ಇಂಗ್ಲಿಷಿನಲ್ಲಿ ಇನ್ನೊಂದು ‘ಎ’ ಸೇರಿಸಿ ಅಂದಿದ್ದಾರೆ. ಸೇರಿಸಲಾ?

ದುಡ್ಡು ವಾಪಸ್ ಕೇಳಿ. ಒಂದು ‘ಎ’ಗೆ ಐದು ಸಾವಿರ ಜಾಸ್ತಿ ಆಯಿತು. ಅದೂ ಅಲ್ಲದೆ, ಬ್ಯಾಂಕಿನಲ್ಲಿ ‘ಡಬಲ್ ಎ, ಡಬಲ್ ಎ’ ಅಂತ ಜೀವನವಿಡೀ ಹೇಳಬೇಕಾದದ್ದು ಮಗು, ಅವರಲ್ಲ.

ಪ್ರಶ್ನೆ: ‘ಮೈರಾ’ ಸಂಸ್ಕೃತವಾ?

ಸಂಸ್ಕೃತ ಕೋಶದಲ್ಲಿ ಅದರ ಹತ್ತಿರ ಸಿಗುವುದು ‘ಮೈರೇಯ’. ಅದೊಂದು ಬಗೆಯ ಮದ್ಯ.

ಪ್ರಶ್ನೆ: ಯಾರೂ ಇಡದ, ಪಕ್ಕಾ ಕನ್ನಡದ, ಚರಿತ್ರೆ ಇರುವ ಹೆಣ್ಣು ಹೆಸರು ಬೇಕು.

ಅತ್ತಿಮಬ್ಬೆ. ಹತ್ತನೇ ಶತಮಾನದಲ್ಲಿ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ದಾನಚಿಂತಾಮಣಿ. ಈ ಉತ್ತರವನ್ನು ಎಷ್ಟೋ ಜನಕ್ಕೆ ಕೊಟ್ಟಿದ್ದೇನೆ. ಇವತ್ತಿನವರೆಗೆ ಒಬ್ಬರೂ ಇಟ್ಟಿಲ್ಲ.

ಪ್ರಶ್ನೆ: ಗಂಡು ಮಗುವಿಗೆ ‘ಇಂಚರ’ ಅಂತ ಇಡಬಹುದಾ?

ಇಡಿ. ದೀರ್ಘ ಬೇಡ.